ಎಂಟನೇ ನಿಮಿಷಕ್ಕೆ ಬೀಳುವುದು

ಸುಳ್ಳು ಹೇಳುವವರ ಮೇಲೆ ನನಗೆ ಅಂಥ ಸಿಟ್ಟೇನೂ ಇಲ್ಲ. ಸಣ್ಣ ದನಿಯಲ್ಲಿ, ಕಣ್ಣು ತಪ್ಪಿಸಿ, ಸ್ವಲ್ಪ ನಾಚಿಕೆಯಿಂದ ಸುಳ್ಳು ಹೇಳುವವರನ್ನು ಕಂಡರೆ ಒಂಥರಾ ಗೌರವವೇ ಇದೆ. ಅವರಿಗೆ ಸತ್ಯದ ಭಯವಾದರೂ ಇದೆಯಲ್ಲ. ನನ್ನ ಮೈ ಉರಿಯುವುದು ಸುಳ್ಳನ್ನು ಕೂಗಿ ಹೇಳುವವರನ್ನು ಕಂಡಾಗ. ಎದೆ ಬಡಿದುಕೊಂಡು, ತೊಡೆ ತಟ್ಟಿ, ಮೈಕು ಕಿತ್ತುಕೊಂಡು, ಕುತ್ತಿಗೆಯ ನರ ಉಬ್ಬಿಸಿ ಹೇಳುತ್ತಾರಲ್ಲ, ಅವರನ್ನು. ಈ ಉರಿ ನನಗೆ ಹುಟ್ಟಿನಿಂದ ಬಂದದ್ದೋ ಚರ್ಚಾಸ್ಪರ್ಧೆಗಳಿಂದ ಅಂಟಿಕೊಂಡದ್ದೋ ತಿಳಿಯದು. ಶಿಕಾರಿಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಹನ್ನೊಂದು ಶೀಲ್ಡುಗಳಿವೆ. ಎಲ್ಲವನ್ನೂ ನಾನು ಬರೀ ಬಾಯಿಂದ ಗೆದ್ದದ್ದು. ಅವುಗಳಲ್ಲಿ ಎಲ್ಲಕ್ಕಿಂತ ಭಾರದ್ದನ್ನು ನಮ್ಮ ಅಜ್ಜಿ ಹಪ್ಪಳದ ಡಬ್ಬಿಯ ಮುಚ್ಚಳ ಹಾರದ ಹಾಗೆ ಇಟ್ಟುಕೊಂಡಿದ್ದಾಳೆ. ವಿದ್ವತ್ತಿಗೆ ನಮ್ಮ ಮನೆಯಲ್ಲಿ ಇಷ್ಟಾದರೂ ಉಪಯೋಗವಿದೆ.

ನನಗೆ ಚರ್ಚೆ ಕಲಿಸಿದವರು ಕಾಲೇಜಿನ ಕನ್ನಡ ಮೇಷ್ಟ್ರು. "ಮೊದಲನೇ ವಾಕ್ಯಕ್ಕೆ ಮೇಜು ಗುದ್ದು. ಮೂರನೇ ವಾಕ್ಯಕ್ಕೆ ಎದುರಾಳಿ ಕಡೆ ನೋಡಿ ನಗು. ಕೊನೇ ವಾಕ್ಯಕ್ಕೆ ದನಿ ಇಳಿಸು, ತೀರ್ಪುಗಾರರು ಮುಂದಕ್ಕೆ ಬಗ್ಗಬೇಕು" ಎನ್ನುತ್ತಿದ್ದರು. ವಿಷಯದ ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲಷ್ಟೇ ಗೊತ್ತಾಗುತ್ತಿತ್ತು. ಯಾವುದೇ ಬರಲಿ, ಸಿಟ್ಟು ಮಾತ್ರ ಕಮ್ಮಿ ಆಗಬಾರದು. ಸೋಮವಾರ ಸಾಗರದಲ್ಲಿ 'ದೂರದರ್ಶನ ಬೇಕು' ಎಂದು ಗುಡುಗಿ, ಗುರುವಾರ ಹಾನಗಲ್ಲಿನಲ್ಲಿ 'ಬೇಡ' ಎಂದು ಗುಡುಗಿ ಎರಡೂ ಕಡೆ ಮೊದಲ ಬಹುಮಾನ ತಂದವನು ನಾನು. ಇದನ್ನು ಹೇಳಿದ್ದು ಜಂಭಕ್ಕಲ್ಲ. ಮುಂದೆ ಬರುವ ಸಂಗತಿಯಲ್ಲಿ ವಿಚಾರವಂತ ಯಾರು ಎಂಬ ಬಗ್ಗೆ ನಿಮಗೆ ಅನುಮಾನ ಬರಬಾರದಲ್ಲ, ಅದಕ್ಕೆ.

ಇಂಥ ಮನೆಗೆ ಕೇಬಲ್ಲು ಬಂತು. ಅಪ್ಪ ಹಾಕಿಸಿದ್ದು ಸುದ್ದಿ ನೋಡುವುದಕ್ಕೆ. ಅಜ್ಜಿ ನೋಡತೊಡಗಿದ್ದು ಕುಸ್ತಿ. ನಮ್ಮ ಅಜ್ಜಿ ಎಂದರೆ ಎಪ್ಪತ್ತು ದಾಟಿದ, ಹಣೆ ತುಂಬ ವಿಭೂತಿ ಬಳಿದ, ಹೊರಗಿನ ಗಂಡಸರು ಬಂದರೆ ಇವತ್ತಿಗೂ ತಲೆ ಮೇಲೆ ಸೆರಗೆಳೆದುಕೊಳ್ಳುವ ಹೆಂಗಸು. ಹಾಗೆ ಸೆರಗೆಳೆದುಕೊಂಡೇ, ದಿನಾ ಸಂಜೆ ಐದಕ್ಕೆ, ಬಣ್ಣದ ಚಡ್ಡಿಯ ಅಮೆರಿಕದ ದಾಂಡಿಗರು ಒಬ್ಬರನ್ನೊಬ್ಬರು ಎತ್ತಿ ಒಗೆಯುವುದನ್ನು ನೋಡುವಳು. ಆರು ಗಂಟೆಯ ಪೂಜೆ ನಾಲ್ಕಕ್ಕೇ ಮುಗಿಯತೊಡಗಿತು. ಕುಸ್ತಿಗೆ ಮೊದಲು ಆ ಜನ ಒಂದು ಮೈಕು ಹಿಡಿದು ಹತ್ತು ನಿಮಿಷ ಅರಚುತ್ತಾರೆ: ನಿನ್ನ ಎಲುಬು ಪುಡಿ ಮಾಡುತ್ತೇನೆ, ನಿನ್ನ ಹೆಸರು ಅಳಿಸುತ್ತೇನೆ, ನಾನು ಸಾವಿಗೇ ಅಂಜದವನು. ಅಜ್ಜಿಗೆ ಇಂಗ್ಲಿಷು ಬರುವುದಿಲ್ಲ. ಆದರೂ ಅವಳಿಗೆ ಅದೇ ಭಾಗ ಇಷ್ಟ. "ನಮ್ಮ ಸಂತೇಲಿ ಹಸು ಮಾರೋರು ಹಿಂಗೇ ಕೂಗೋರು" ಎನ್ನುವಳು. ಉದ್ದ ಕೂದಲಿನ ಒಬ್ಬ ದೈತ್ಯನನ್ನು ಕಂಡರೆ ಅವಳಿಗೆ ಮರುಕ. "ಪಾಪ, ತಾಯಿಲ್ಲದ ಹುಡುಗ ಅಂತ ಕಾಣ್ತೈತೆ. ತಲೆಗೆ ಎಣ್ಣೆ ಕಂಡಿಲ್ಲ."

ನಾನು ಸುಮ್ಮನಿರುವ ಜಾತಿಯವನಲ್ಲ. ಟಿ.ವಿ.ಗೆ ಅಡ್ಡ ನಿಂತು ವಾದ ಮಂಡಿಸಿದೆ. "ಅಜ್ಜಿ, ಕಬ್ಬಿಣದ ಕುರ್ಚೀಲಿ ನೆತ್ತಿಗೆ ಹೊಡೆದ್ರೆ ಮನುಷ್ಯ ಸಾಯ್ತಾನೆ. ಇವನು ಕೂದಲು ಸರಿ ಮಾಡ್ಕೊಂತಿದಾನೆ. ಇದರ ಅರ್ಥ ಏನು?"

"ತಲೆ ಗಟ್ಟಿ ಐತೆ ಅಂತ. ನಿಂದಿದ್ದಂಗೆ."

"ಯಾರು ಗೆಲ್ಬೇಕು ಅಂತ ಮೊದಲೇ ಬರೆದಿಟ್ಟಿರ್ತಾರೆ ಅಜ್ಜಿ!"

"ಎಲ್ಲರ ಹಣೇಲೂ ಮೊದ್ಲೇ ಬರೆದಿರ್ತಾರಲೇ. ಸರಿ ಅತ್ಲಾಗೆ, ಕಾಣ್ಸವಲ್ದು."

ಹನ್ನೊಂದು ಶೀಲ್ಡು ಗೆದ್ದವನು ಹಪ್ಪಳದ ಡಬ್ಬಿಯ ಒಡತಿಗೆ ಸೋತು ಅತ್ಲಾಗೆ ಸರಿದೆ. ಆದರೆ ನನ್ನ ಕಡೆ ಒಬ್ಬ ಸಾಕ್ಷಿ ಇದ್ದ, ಅವನ ಮುಂದೆ ಅಜ್ಜಿಯ ಆಟ ನಡೆಯದು ಎಂಬ ಧೈರ್ಯ ನನಗಿತ್ತು. ಅವನು ಅಜ್ಜಿಯ ಕಿರಿಯ ಮಗ, ಸೊರಬದ ವೀರಭದ್ರಪ್ಪ ಚಿಕ್ಕಪ್ಪ. ಹಗಲು ಹಿಟ್ಟಿನ ಗಿರಣಿ ನಡೆಸುತ್ತಾನೆ, ಸಂಜೆ ತನ್ನ ಕೇರಿಯ ಗರಡಿಮನೆ ನೋಡಿಕೊಳ್ಳುತ್ತಾನೆ; ಹಗಲೆಲ್ಲ ಹಿಟ್ಟಿನ ಬಿಳಿ, ಸಂಜೆಯೆಲ್ಲ ಮಣ್ಣಿನ ಕೆಂಪು. ಪ್ರಾಯದಲ್ಲಿ ಈಸೂರಿನಿಂದ ಕುಪ್ಪಗಡ್ಡೆಯವರೆಗೆ ಅವನು ಇಳಿಯದ ಮಣ್ಣಿಲ್ಲ. ನಮ್ಮ ಕಡೆಯ ಮಣ್ಣಿನ ಕುಸ್ತಿಯಲ್ಲಿ ಕುರ್ಚಿ ಗಿರ್ಚಿ ಇಲ್ಲ. ಎದುರಾಳಿಯ ಬೆನ್ನು ನೆಲಕ್ಕೆ ಹತ್ತಿಸಿದರೆ ಗೆದ್ದ ಹಾಗೆ. ಚಿಕ್ಕಪ್ಪನ ಬೆನ್ನಿಗೆ ಯಾರೂ ಮಣ್ಣು ಹತ್ತಿಸಿರಲಿಲ್ಲ. ಈ ಒಂದು ಸಂಗತಿಯ ಮೇಲೆ ನನ್ನ ಇಡೀ ಬಾಲ್ಯ ನಿಂತಿತ್ತು. ನನ್ನ ತೂಕ ಈಗಲೇ ನಲವತ್ತೊಂಬತ್ತು ಕೆ.ಜಿ.; ಆಗ ಎಷ್ಟಿತ್ತೋ ನೀವೇ ಊಹಿಸಿ. ಶಾಲೆಯಲ್ಲಿ ನನ್ನ ಚೀಲ ಕಿತ್ತುಕೊಂಡವರಿಗೆ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ಸೊರಬದ ವೀರಭದ್ರಪ್ಪ ನಮ್ಮ ಚಿಕ್ಕಪ್ಪ. ಅವನ ಬೆನ್ನಿಗೆ ಮಣ್ಣು ಹತ್ಸೋ ಗಂಡು ಇನ್ನೂ ಹುಟ್ಟಿಲ್ಲ." ಚೀಲ ತಾನಾಗಿ ವಾಪಸು ಬರುತ್ತಿತ್ತು.

ಆ ಚಿಕ್ಕಪ್ಪ ಒಂದು ಭಾನುವಾರ, ಕಿವಿಯ ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟು ಇಟ್ಟುಕೊಂಡು, ಅಮ್ಮನನ್ನು ನೋಡಲು ಬಂದ. ಐದಕ್ಕೆ ಟಿ.ವಿ. ಮುಂದೆ ಕೂರಿಸಿ, "ಹೇಳು ಚಿಕ್ಕಪ್ಪ, ಇದು ಕುಸ್ತಿನಾ?" ಎಂದು ವಿಜಯದ ನಗೆ ನಕ್ಕೆ. ಪರದೆಯಲ್ಲಿ ಒಬ್ಬ ಕಂಬವೇರಿ ಹಾರಿದ, ಕೆಳಗಿದ್ದವನು ಅಂಗಾತ ಬಿದ್ದ. ಚಿಕ್ಕಪ್ಪ ಪರದೆಯ ಹತ್ತಿರಕ್ಕೆ ಜರುಗಿ ಕೂತ. ಆಮೇಲೆ, "ಎಷ್ಟು ಚೆಂದ ಬೀಳ್ತಾನಲೇ ಮಾರಾಯ" ಅಂದ. ಅಜ್ಜಿ ನನ್ನ ಮುಖ ನೋಡಲೂ ಇಲ್ಲ. ಅಷ್ಟು ಖಚಿತವಾಗಿ ಗೆದ್ದಿದ್ದಳು.

ಇದಾಗಿ ಎರಡು ತಿಂಗಳಿಗೆ ನಮ್ಮ ಬೀದಿಯಲ್ಲಿ ಒಂದು ಜೀಪು ಮೈಕು ಕಟ್ಟಿಕೊಂಡು ಬಂತು. "ಸಾವಿಗೇ ಸವಾಲು! ರಕ್ತ ಕುದಿಸುವ ಫ್ರೀಸ್ಟೈಲ್ ಕುಸ್ತಿ! ಏಳು ದೇಶಗಳಲ್ಲಿ ಸೋಲರಿಯದ ಬೊಲಿವಿಯಾದ ಬಿರುಗಾಳಿ! ಎದುರಾಳಿ ಸೊರಬದ ಸಿಂಹ! ಶಿವರಾತ್ರಿ ಕಳೆದ ಭಾನುವಾರ, ಸೊರಬದ ಮೈದಾನದಲ್ಲಿ!" ಕರಪತ್ರ ಹಿಡಿದು ನೋಡಿದೆ. ಎಡಗಡೆ ಮುಖಕ್ಕೆ ಕಪ್ಪು ಚೀಲ ಹಾಕಿದ ಒಂದು ಗುಡಾಣ. ಬಲಗಡೆ ನಮ್ಮ ಚಿಕ್ಕಪ್ಪ! ಮದುವೆಯ ಫೋಟೋದಿಂದ ಚಿಕ್ಕಮ್ಮನನ್ನು ಕತ್ತರಿಸಿ ತೆಗೆದಿದ್ದರು. ಹಣೆಗೆ ಕಟ್ಟಿದ ಬಾಸಿಂಗವನ್ನು ಮಾತ್ರ ತೆಗೆಯಲು ಬಂದಿರಲಿಲ್ಲ. ಸೊರಬದ ಸಿಂಹ ಬಾಸಿಂಗ ಕಟ್ಟಿಕೊಂಡು ಘರ್ಜಿಸುತ್ತಿತ್ತು.

ಮರುದಿನ ಬೆಳಿಗ್ಗೆ ಸೊರಬದ ಬಸ್ಸು ಹತ್ತಿದೆ. ಶಿರಾಳಕೊಪ್ಪ ಬರುವಷ್ಟರಲ್ಲಿ ಭಾಷಣ ಸಿದ್ಧವಾಗಿತ್ತು, ಪೀಠಿಕೆ, ಮೂರು ವಾದ, ಉಪಸಂಹಾರ. ಆದರೆ ಹಿಟ್ಟಿನ ಗಿರಣಿಯಲ್ಲಿ ಭಾಷಣ ಮಾಡಬೇಕೆಂದುಕೊಂಡ ಮೊದಲ ಮೂರ್ಖ ನಾನೇ ಇರಬೇಕು. ಬೆಲ್ಟು ತಿರುಗುವ ಸದ್ದಿಗೆ ನನ್ನ ಪೀಠಿಕೆ ನನಗೇ ಕೇಳಿಸಲಿಲ್ಲ. ಹಾಗಾಗಿ ಹನ್ನೊಂದು ಶೀಲ್ಡಿನ ಧಣಿ ಕೋಳಿ ಕೂಗಿದ ಹಾಗೆ ಒಂದೊಂದೇ ವಾಕ್ಯ ಕೂಗಬೇಕಾಯಿತು.

"ಯಾರು ಗೆಲ್ತಾರೆ?"

"ಅವ್ನು!"

"ಈಗ್ಲೇ ಹೆಂಗೆ ಗೊತ್ತು?"

"ಎಂಟನೇ ನಿಮಿಷಕ್ಕೆ ನಾನು ಬೀಳ್ಬೇಕು! ಮಾತಾಗೈತೆ!"

ಅಕ್ಕಿಯ ಡಬ್ಬಿ ಹಿಡಿದು ಕಾದಿದ್ದ ಹೆಂಗಸೊಬ್ಬಳು, "ನೀವು ಯಾವಾಗಾರ ಬೀಳ್ರೀ ಈರಭದ್ರಣ್ಣ, ನನ್ನ ಹಿಟ್ಟು ಮೊದ್ಲು ಹಾಕ್ಕೊಡ್ರಿ" ಅಂದಳು.

ಚಿಕ್ಕಪ್ಪ ಗಿರಣಿ ನಿಲ್ಲಿಸಿ ನನ್ನನ್ನು ಗರಡಿಮನೆಗೆ ಕರೆದುಕೊಂಡು ಹೋದ. ಅದರ ಬಾಗಿಲು ಎಷ್ಟು ಗಿಡ್ಡ ಎಂದರೆ ಎಂಥ ಸೊಕ್ಕಿನವನೂ ಬಗ್ಗಿಯೇ ಒಳಗೆ ಬರಬೇಕು. ಒಳಗೆ ಎಣ್ಣೆ, ಮಜ್ಜಿಗೆ, ಅರಿಸಿನ ಕುಡಿದು ಮೆತ್ತಗಾದ ಕೆಮ್ಮಣ್ಣು. ಗೋಡೆಯ ಮೇಲೆ ಆಂಜನೇಯನ ಪಟ. ಆ ಗರಡಿಗೆ ಈಗ ತಪ್ಪದೆ ಹಾಜರಾಗುವವರು ಇಬ್ಬರೇ: ಒಬ್ಬ ಆ ಆಂಜನೇಯ, ಇನ್ನೊಬ್ಬ ಚಿಕ್ಕಪ್ಪ. ಹುಡುಗರೆಲ್ಲ ಟಿ.ವಿ. ಮುಂದೆ. ಗರಡಿಮನೆ ಕೇರಿಯವರೆಲ್ಲರ ಸ್ವತ್ತು. ಹಿರಿಯರು ಸೇರಿ ತೀರ್ಮಾನ ಹೇಳಿಬಿಟ್ಟಿದ್ದರು. ಯುಗಾದಿಯೊಳಗೆ ಹತ್ತು ಹುಡುಗರು ಮಣ್ಣಿಗಿಳಿದರೆ ಸರಿ, ಇಲ್ಲದಿದ್ದರೆ ಆ ಜಾಗ ಕೇಬಲ್ಲಿನವನ ಡಿಶ್ಶಿಗೆ. ಅಜ್ಜಿಗೆ ಕುಸ್ತಿ ತೋರಿಸುವ ಅದೇ ತರದ ಡಿಶ್ಶಿಗೆ! ನನಗೆ ತಲೆ ಕೆಟ್ಟುಹೋಯಿತು.

"ಹಂಗಿದ್ರೆ ಗೆಲ್ಲು ಚಿಕ್ಕಪ್ಪ! ಆ ಬೊಲಿವಿಯಾನ ಎತ್ತಿ ಒಗಿ. ಬೀಳೋದ್ಯಾಕೆ?"

"ಅವ್ರ ಆಟ ಅದು. ನಾನು ಗೆಲ್ತೀನಿ ಅಂದ್ರೆ ಬೇರೆಯವ್ನನ್ನ ಕರೀತಾರೆ. ಆಟ ಆದ್ರೆ ಊರ ಹುಡುಗ್ರೆಲ್ಲ ನೋಡಾಕೆ ಬರ್ತಾರೆ, ಅದ್ರಾಗೆ ಹತ್ತು ಜನ ಇಲ್ಲಿಗೆ ಇಳಿದ್ರೆ ಸಾಕು." ಅವನು ಕೂತು, ಮಣ್ಣಿನ ಒಂದು ಹೆಂಟೆ ಬೆರಳಲ್ಲಿ ಒಡೆದ. "ಇಲ್ಲಿಗೆ ಬಂದ ಹುಡುಗ್ರಿಗೆ ಮೊದಲನೇ ವರ್ಷ ಏನು ಕಲಿಸ್ತೀವಿ ಗೊತ್ತೇನಲೇ? ಬೀಳೋದು. ಬರೀ ಬೀಳೋದು. ನನಗೆ ಬರೋ ವಿದ್ಯೇಲಿ ಅದೇ ಚೆಂದದ್ದು. ಆದ್ರೆ ಹೊರಗೆ ಯಾರಿಗೂ ತೋರ್ಸಾಕೆ ಆಗ್ಲೇ ಇಲ್ಲ ನೋಡು. ಯಾರೂ ಬೀಳ್ಸಲಿಲ್ಲ."

ಈ ಮಾತಿಗೆ ನನಗೆ ಅವನ ಮೇಲೆ ಮರುಕ ಬರಬೇಕಿತ್ತು. ಒಳ್ಳೆಯ ಮನುಷ್ಯನಿಗೆ ಬರುತ್ತಿತ್ತು. ನನಗೆ ಕಣ್ಣ ಮುಂದೆ ಬಂದದ್ದು ನನ್ನ ಶಾಲೆಯ ಚೀಲ. ಯಾರೋ ಚೀಲ ಮುಖದ ಗುಡಾಣ ನಮ್ಮ ಚಿಕ್ಕಪ್ಪನ ಬೆನ್ನಿಗೆ ಮಣ್ಣು ಹತ್ತಿಸುವುದು, ಊರೆಲ್ಲ ನೋಡುವುದು! "ಅದು ಮೋಸ ಚಿಕ್ಕಪ್ಪ. ಸುಳ್ಳು ತೋರಿಸಿ ಗರಡಿ ಉಳಿಸೋದಕ್ಕಿಂತ ಅದು ಬಿದ್ದುಹೋಗೋದು ವಾಸಿ. ನಾನು ಸ್ಟೇಜು ಹತ್ತಿ ಜನರಿಗೆ ಎಲ್ಲಾ ಹೇಳ್ತೀನಿ" ಎಂದೆ.

"ಹತ್ತು. ಬೇಡ ಅಂದ್ರೆ ಬಿಡೋ ಮಗಾನಾ ನೀನು" ಎಂದವನು ಮತ್ತೆ ಗಿರಣಿಗೆ ಹೊರಟ. ಬಾಗಿಲಲ್ಲಿ ಬಗ್ಗುವುದು ಮರೆತು ನಾನು ಹಣೆ ಬಡಿದುಕೊಂಡೆ.

ಆ ಭಾನುವಾರ ಮಧ್ಯಾಹ್ನ ಅಜ್ಜಿಯೂ ಹೊರಟಳು. ಮಗ ಕುಸ್ತಿಗಿಳಿಯುವುದನ್ನು ಅವಳು ಜೀವಮಾನದಲ್ಲಿ ನೋಡಿರಲಿಲ್ಲವಂತೆ; ಆಗಿನ ಕಾಲಕ್ಕೆ ಹೆಂಗಸರು ಕಣದ ಹತ್ತಿರ ಸುಳಿಯುವಂತಿರಲಿಲ್ಲ. ಮೈದಾನ ತುಂಬಿತ್ತು. ಗೋಡೆಯ ಮೇಲೆ ಹುಡುಗರು ಗುಬ್ಬಿಗಳ ಹಾಗೆ ಸಾಲಾಗಿ ಕೂತಿದ್ದರು. ಕಣ ಎಂದರೆ ಎತ್ತಿನ ಗಾಡಿಯ ಹಲಗೆ ಜೋಡಿಸಿ, ಮೇಲೆ ಹಾಸ್ಟೆಲ್ಲಿನ ಹಾಸಿಗೆ ಹಾಸಿ, ನಾಲ್ಕೂ ಕಡೆ ಲಾರಿ ಹಗ್ಗ ಬಿಗಿದದ್ದು. ಅಜ್ಜಿಗೆ ಮುಂದಿನ ಸಾಲಿನಲ್ಲಿ ಕಬ್ಬಿಣದ ಕುರ್ಚಿ ಹಾಕಿದರು. ಅವಳು ಅದನ್ನೊಮ್ಮೆ ಎತ್ತಿ, ತೂಕ ನೋಡಿ, "ಇಂಥದ್ದೇ ಅಲ್ವೇನಲೇ ಅವ್ರು ತಲೆಗೆ ಹಾಕೋದು?" ಎಂದು ಕೂತಳು.

ಬೊಲಿವಿಯಾದ ಬಿರುಗಾಳಿ ಬಂದ. ಅರ್ಧ ಗಂಟೆ ಮೊದಲು ಇದೇ ಗುಡಾಣ ಬಸ್ ಸ್ಟ್ಯಾಂಡಿನ ಹತ್ತಿರ ಚೀಲವನ್ನು ಮೂಗಿನವರೆಗೆ ಮಡಚಿಕೊಂಡು, "ಮಂಡಕ್ಕಿಗೆ ಇನ್ನೊಂದೀಟು ಖಾರ ಹಾಕ್ರೀ ಅಕ್ಕಾರ" ಎನ್ನುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಈಗ ಎದೆ ಗುದ್ದಿಕೊಂಡು, "ಸೊರಬದಾಗ ಗಂಡಸ್ರು ಅದಾರೇನು? ನಾ ಯಮಗೂ ಅಂಜಾಂವಲ್ಲ! ಅವನ ಕ್ವಾಣದ ಕೋಡು ಮುರದು ಬಂದೇನಿ!" ಎಂದು ಗುಡುಗಿದ. ಬೊಲಿವಿಯಾದಲ್ಲಿ ಇಷ್ಟು ಅಚ್ಚುಕಟ್ಟಾದ ಹಾವೇರಿ ಕನ್ನಡ ಆಡುತ್ತಾರೆಂದು ಯಾವ ಭೂಗೋಳದ ಪುಸ್ತಕದಲ್ಲೂ ಬರೆದಿಲ್ಲ. ಯಾರಾದರೂ ಕೇಳಬೇಕೋ ಬೇಡವೋ? ನೀವೇ ಹೇಳಿ. ಯಾರೂ ಕೇಳಲಿಲ್ಲ. ಎರಡು ಸಾವಿರ ಕಿವಿಗಳಿದ್ದವು, ಎಲ್ಲಾ ಶಿಳ್ಳೆ ಹೊಡೆಯುವುದರಲ್ಲಿದ್ದವು. ಕಿವಿ ಶಿಳ್ಳೆ ಹೊಡೆಯುವುದಿಲ್ಲ ಎನ್ನುತ್ತೀರಾ? ನನಗೆ ಆಗ ಸಿಟ್ಟು ಬಂದಿತ್ತು.

ಚಿಕ್ಕಪ್ಪ ಲಂಗೋಟಿಯಲ್ಲಿ, ಗರಡಿಯ ಮಣ್ಣಿನ ಹಿತ್ತಾಳೆ ತಟ್ಟೆ ಹಿಡಿದು ಬಂದ. ಅವನು ಹಾಕಿದ್ದ ಷರತ್ತು ಅದೊಂದೇ: ಆಟ ನಿಮ್ಮದಾದರೂ ಮಣ್ಣು ನಮ್ಮದು. ನಮ್ಮಲ್ಲಿ ಕುಸ್ತಿಗೆ ಮೊದಲು ಎದುರಾಳಿಯ ಕೈಗೆ ಒಂದು ಹಿಡಿ ಮಣ್ಣು ಕೊಡುತ್ತಾರೆ. ಬೇಡವಾದವನು ಕೈ ಕಟ್ಟಿ ನಿಂತು ತಲೆಯಾಡಿಸಬೇಕು. ತೆಗೆದುಕೊಂಡನೋ, ಜೋಡಿ ಕಟ್ಟಿದ ಹಾಗೆ. ಆಮೇಲೆ ಹಿಂದೆಗೆದರೆ ಅವನ ಮನೆತನವನ್ನೇ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಇದು ನನಗೆ ಹಾಲು ಕುಡಿಯುವ ವಯಸ್ಸಿನಿಂದ ಗೊತ್ತು. ಗೊತ್ತಿತ್ತು ಎಂಬುದನ್ನು ದಯವಿಟ್ಟು ಗಮನದಲ್ಲಿಡಿ.

"ಈ ಬಿರುಗಾಳಿಗೆ ಎದುರಾಡೋರು ಇನ್ನು ಯಾರಾದ್ರೂ ಇದ್ದೀರಾ?" ಎಂದು ಮೈಕಿನವನು ಸುಮ್ಮನೆ ಬಾಯಿಮಾತಿಗೆ ಕೇಳಿದ. ನಾನು ಹಗ್ಗ ನುಸುಳಿ ಮೇಲೆ ಹತ್ತಿದೆ. ಅವನು ಇದೂ ಕಾರ್ಯಕ್ರಮದ ಒಂದು ಭಾಗ ಎಂದುಕೊಂಡು ಮೈಕು ಕೊಟ್ಟುಬಿಟ್ಟ. ಮೈಕು ಕೈಗೆ ಬಂದಾಗ ನನಗೇನಾಗುತ್ತದೋ ನನಗೇ ತಿಳಿಯದು. "ಮಾನ್ಯ ಸಭಿಕರೇ!" ಎಂದು ಮೊದಲನೇ ವಾಕ್ಯಕ್ಕೆ ಗುದ್ದಲು ಮೇಜು ಹುಡುಕಿದೆ. ಮೇಜಿರಲಿಲ್ಲ. ಮೂಲೆಯ ಕಂಬ ಗುದ್ದಿದೆ. ಮೈದಾನ ಹೋ ಎಂದಿತು. "ಇದು ಕುಸ್ತಿಯಲ್ಲ, ನಾಟಕ! ಗೆಲ್ಲುವವರು ಯಾರೆಂದು ಮೊದಲೇ ನಿರ್ಧಾರವಾಗಿದೆ!" ಶಿಳ್ಳೆ. ಮೂರನೇ ವಾಕ್ಯಕ್ಕೆ ಬಿರುಗಾಳಿಯ ಕಡೆ ನೋಡಿ ನಕ್ಕೆ; ಅವನು ಕೆಲಸ ಬಲ್ಲವನು, ಕೂಡಲೇ ಕಾಲು ನೆಲಕ್ಕಪ್ಪಳಿಸಿ ಕೆರಳಿದ ಹಾಗೆ ಮಾಡಿದ. ಜನ ಕುರ್ಚಿ ಹತ್ತಿದರು. "ಈತ ಬೊಲಿವಿಯಾದವನಲ್ಲ! ಮಂಡಕ್ಕಿ ತಿನ್ನುವುದನ್ನು ನಾನು ಕಂಡಿದ್ದೇನೆ!" ಚಪ್ಪಾಳೆಯೋ ಚಪ್ಪಾಳೆ. ನಾನು ಸತ್ಯ ಹೇಳಿದಷ್ಟೂ ಅವರಿಗೆ ಖುಷಿ. ಅವರಿಗೆ ಖುಷಿಯಾದಷ್ಟೂ ನನಗೆ ಸಿಟ್ಟು. ನನಗೆ ಸಿಟ್ಟು ಬಂದಷ್ಟೂ ಅವರಿಗೆ ಮತ್ತಷ್ಟು ಖುಷಿ. ಹಿಂದಿನಿಂದ ಒಬ್ಬ, "ಯಾರಲೇ ಇವ್ನು ಕನ್ನಡಕದ ವಿಲನ್ನು? ಭಾರಿ ಕೊಡ್ತಾನಲೇ!" ಎಂದು ಕೂಗಿದ. ಹನ್ನೊಂದು ಶೀಲ್ಡುಗಳಲ್ಲಿ ಒಂದಕ್ಕೂ ನನಗೆ ಅಂಥ ಚಪ್ಪಾಳೆ ಬಿದ್ದಿರಲಿಲ್ಲ. ಸಿಟ್ಟಿನ ನಡುವೆಯೂ ಅದೊಂದು ಲೆಕ್ಕವನ್ನು ನನ್ನ ಮನಸ್ಸಿನ ಮೂಲೆ ಬರೆದುಕೊಂಡಿತು ಎಂಬುದನ್ನು ಮುಚ್ಚಿಡಲಾರೆ.

ಆಗ ಚಿಕ್ಕಪ್ಪ ನನ್ನ ಹತ್ತಿರ ಬಂದ. ಮುಖದಲ್ಲಿ ಸಿಟ್ಟಿಲ್ಲ, ನಗುವಿಲ್ಲ. ತಟ್ಟೆಯಿಂದ ಒಂದು ಹಿಡಿ ಮಣ್ಣು ತೆಗೆದು ನನ್ನ ಕಡೆ ಚಾಚಿದ. ನಾನು ಮಾತಿನ ಭರದಲ್ಲಿದ್ದೆ. ಮೈಕನ್ನು ಕಂಕುಳಲ್ಲಿ ಇರುಕಿಕೊಂಡೆ. ಬಲಗೈ ತಾನಾಗಿ ಮುಂದೆ ಹೋಯಿತು, ಎಡಗೈ ತಾನಾಗಿ ಬಲಮೊಳಕೈಯ ಕೆಳಗೆ ಬಂತು. ಹಿರಿಯರು ಏನು ಕೊಟ್ಟರೂ ಹಾಗೆ ತೆಗೆದುಕೊಳ್ಳಬೇಕೆಂದು ಅಜ್ಜಿ ಚಿಕ್ಕಂದಿನಲ್ಲಿ ಕೈಗೆ ಬಡಿದು ಬಡಿದು ಕಲಿಸಿದ್ದಾಳೆ. ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ನಾನು ಆ ಮಣ್ಣನ್ನು ತೀರ್ಥದ ಹಾಗೆ ತೆಗೆದುಕೊಂಡು, ಎರಡೂ ಕಣ್ಣಿಗೆ ಒತ್ತಿಕೊಂಡೆ.

ಮೈದಾನ ಎದ್ದು ನಿಂತಿತು. ಆಮೇಲೆ ಎದ್ದ ಕೂಗು ಕ್ಯಾಸನೂರಿನ ಕಾಡಿಗೂ ಕೇಳಿರಬೇಕು. "ಜೋಡಿ ಆತು! ಜೋಡಿ ಆತು!"

"ಕನ್ನಡಕ ಅಜ್ಜಿ ಕೈಗೆ ಕೊಡು" ಎಂದ ಚಿಕ್ಕಪ್ಪ. ಕೊಟ್ಟೆ. ಅಜ್ಜಿ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಇನ್ನು ನನಗೆ ಜಗತ್ತು ಎಂದರೆ ಮಂಜು, ಚಿಕ್ಕಪ್ಪ ಎಂದರೆ ಆ ಮಂಜಿನಲ್ಲೊಂದು ಕಂದು ಗುಡ್ಡ. ಗುಡ್ಡ ನನ್ನ ಕಿವಿಯಲ್ಲಿ ಹೇಳಿತು: "ಬಾಯಿ ಮುಚ್ಚು. ಗದ್ದ ಎದೆಗೆ ಹಚ್ಚು. ಉಸಿರು ಬಿಡು." ಮುಂದಿನ ಗಳಿಗೆಯಲ್ಲಿ ಆಕಾಶ ನನ್ನ ಕಾಲ ಕೆಳಗಿತ್ತು. ಹಾಸಿಗೆಗೆ ಬಿದ್ದ ಸದ್ದು ಲಾರಿಯಿಂದ ಸಿಮೆಂಟು ಮೂಟೆ ಒಗೆದ ಹಾಗಿತ್ತಂತೆ. ಆದರೆ ನನಗೆ? ಸತ್ಯ ಹೇಳುತ್ತೇನೆ, ಒಂದು ಚೂರೂ ನೋವಾಗಲಿಲ್ಲ. ಅವನ ಒಂದು ಕೈ ನನ್ನ ಕತ್ತಿನ ಕೆಳಗಿತ್ತು, ಇನ್ನೊಂದು ಸೊಂಟದ ಕೆಳಗೆ. ತೊಟ್ಟಿಲಿಗೆ ಮಗು ಹಾಕುವವರು ಇಷ್ಟು ಜೋಪಾನ ಮಾಡುವುದಿಲ್ಲ.

ಮೈಕಿನವನು ಓಡಿ ಬಂದು ನನ್ನ ಬಾಯಿಗೆ ಮೈಕು ಹಿಡಿದ. "ಹೇಳ್ರೀ ಸ್ವಾಮಿ! ನೋವಾತೋ ಇಲ್ಲೋ? ನಿಜವೋ, ನಾಟಕವೋ? ನೀವೇ ಹೇಳಿಬಿಡ್ರಿ!"

ಇಡೀ ಮೈದಾನ ಮುಂದಕ್ಕೆ ಬಗ್ಗಿತು. ನೋಡಿ, ಇಪ್ಪತ್ತೆರಡು ವರ್ಷದ ನನ್ನ ಬದುಕಿನಲ್ಲಿ ಇಂಥ ಪುರಾವೆ ನನಗೆ ಎಂದೂ ಸಿಕ್ಕಿರಲಿಲ್ಲ. ನನ್ನ ಬೆನ್ನೇ ಸಾಕ್ಷಿ. "ನೋವಾಗಲಿಲ್ಲ" ಎಂಬ ಒಂದು ಮಾತು ಸಾಕು, ವಾದ ನನ್ನದು, ಆಟ ಅಲ್ಲಿಗೆ ಮುಗಿಯಿತು. ಚಿಕ್ಕಪ್ಪ ನನ್ನ ಮೇಲೆ ಬಗ್ಗಿ ನಿಂತಿದ್ದ. ಅಷ್ಟು ಹತ್ತಿರವಿದ್ದುದರಿಂದ ಅವನ ಮುಖ ಮಾತ್ರ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ನನ್ನನ್ನು ನೋಡುತ್ತಿರಲಿಲ್ಲ. ಗೋಡೆಯ ಮೇಲಿನ ಹುಡುಗರ ಸಾಲನ್ನು ನೋಡುತ್ತಿದ್ದ, ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದ.

"ಅಯ್ಯಯ್ಯೋ ಸೊಂಟಾ! ಸತ್ತೆನಪ್ಪೋ!" ಎಂದು ನಾನು ಕುತ್ತಿಗೆಯ ನರ ಉಬ್ಬಿಸಿ ಕೂಗಿದೆ.

ನಾಲ್ಕು ಜನ ನನ್ನನ್ನು ಹೊತ್ತು ಬೆಂಚಿನ ಮೇಲೆ ಮಲಗಿಸಿದರು. ಸೊಂಟ ಮುರಿದವನು ಎದ್ದು ಹೋಗಿ ಅಜ್ಜಿಯಿಂದ ಕನ್ನಡಕ ಇಸಿದುಕೊಳ್ಳುವಂತಿಲ್ಲವಲ್ಲ. ಹಾಗಾಗಿ ಚಿಕ್ಕಪ್ಪ ಬಿದ್ದದ್ದನ್ನು ಸೊರಬದಲ್ಲಿ ನೋಡದೇ ಹೋದವನು ನಾನೊಬ್ಬನೇ. ನನಗೆ ಕಂಡದ್ದು ಇಷ್ಟೇ: ಎಂಟನೇ ನಿಮಿಷಕ್ಕೆ ಮಂಜಿನಲ್ಲಿ ಒಂದು ಕಂದು ಬಣ್ಣ ಮೇಲೆದ್ದಿತು, ತಿರುಗಿತು, ಇಳಿಯಿತು. ಸದ್ದೇ ಇರಲಿಲ್ಲ. ನನ್ನ ಪಕ್ಕದಲ್ಲಿ ನಿಂತವನೊಬ್ಬ, "ಎಲೆ ಬಿದ್ದಂಗೆ ಬಿದ್ನಲ್ಲೋ" ಎಂದು ಪಿಸುಗುಟ್ಟಿದ. ಬಿರುಗಾಳಿ ಮಾತ್ರ ಗೆದ್ದ ಖುಷಿಯಲ್ಲಿ ಎದೆ ಗುದ್ದಿಕೊಳ್ಳಬೇಕಾದವನು ಅದನ್ನು ಮರೆತು ಬಗ್ಗಿ, ಚಿಕ್ಕಪ್ಪನ ಪಾದ ಮುಟ್ಟಿದನಂತೆ. ಅವನೂ ಯಾವುದೋ ಗರಡಿಯ ಹುಡುಗನೇ ಇರಬೇಕು, ಬೊಲಿವಿಯಾದ್ದು.

ವಾಪಸು ಬಸ್ಸಿನಲ್ಲಿ ಅಜ್ಜಿ ಶಿರಾಳಕೊಪ್ಪ ಬರುವಷ್ಟರಲ್ಲಿ ಸೆರಗಿನಿಂದ ಎರಡು ಸಲ ಕಣ್ಣೊರೆಸಿಕೊಂಡಳು. ಆ ಸೆರಗಿನಲ್ಲೇ ಕಟ್ಟಿದ್ದ ನನ್ನ ಕನ್ನಡಕವೂ ಒದ್ದೆಯಾಯಿತು. "ಅದು ನಾಟಕ ಅಂತ ನಿಂಗೆ ಗೊತ್ತಿರ್ಲಿಲ್ವಾ ಅಜ್ಜಿ?" ಎಂದೆ.

"ಗೊತ್ತಿರ್ದೆ ಏನು? ಹೆತ್ತೋಳು ನಾನು. ಅವ್ನು ಬೀಳೋ ಮಗನಾ?" ಎಂದಳು. ಸೆರಗಿನ ಗಂಟು ಬಿಚ್ಚಿ ಕನ್ನಡಕ ನನ್ನ ಕೈಗಿಟ್ಟು, "ಅವ್ನು ಚೆಂದ ಬಿದ್ದ. ನೀನು ಚೆಂದ ನರಳಲಿಲ್ಲ. ಸೊಂಟ ಅಂತ ಕೂಗಿ ಮೊಳಕೈ ಹಿಡ್ಕೊಂಡಿದ್ದೆ. ಅಮೆರಿಕದೋರು ಇಂಥ ತಪ್ಪು ಮಾಡಲ್ಲ ನೋಡು."

ಯುಗಾದಿಯ ಹೊತ್ತಿಗೆ ಗರಡಿಗೆ ಹದಿಮೂರು ಹುಡುಗರು ಇಳಿದರು. ಡಿಶ್ಶು ಬೇರೆ ಜಾಗ ನೋಡಿಕೊಂಡಿತು. ಒಳ್ಳೆಯದೇ ಆಯಿತು ಎನ್ನುತ್ತೀರಿ. ನನ್ನ ಉರಿ ಇರುವುದೇ ಇಲ್ಲಿ. ಚಿಕ್ಕಪ್ಪ ಎಲೆಯಂತೆ ಬಿದ್ದ ವಿದ್ಯೆ ಕಲಿಯಲು ಬಂದವರು ಒಬ್ಬಿಬ್ಬರು, ಉಳಿದವರೆಲ್ಲ ಕೇಳಿದ್ದು, "ಆ ಕನ್ನಡಕದವ್ನನ್ನ ಎತ್ತಿ ಒಗೆದ್ರಲ್ಲ, ಆ ಪಟ್ಟು ಕಲಿಸ್ರಿ." ಆ ಪಟ್ಟಿಗೆ ಸೊರಬದ ಗರಡಿಯಲ್ಲಿ ಈಗ 'ಭಾಷಣ' ಎಂದೇ ಹೆಸರು. ಭಾಷಣ ಹಾಕಲೇ, ಭಾಷಣ ಹಾಕು! ಅದನ್ನು ತೋರಿಸಲು ಹಗುರವಾದ, ಬೀಳಲು ಹೆದರದ ಒಂದು ಆಳು ಬೇಕಂತೆ. ಚಿಕ್ಕಪ್ಪ ತಿಂಗಳಿಗೆ ಎರಡು ಭಾನುವಾರ ಹೇಳಿ ಕಳಿಸುತ್ತಾನೆ.

ಹೋಗುತ್ತೇನೆ. ಬಗ್ಗಿ ಒಳಗೆ ಹೋಗುತ್ತೇನೆ, ಕನ್ನಡಕ ತೆಗೆದು ಆಂಜನೇಯನ ಪಟದ ಕೆಳಗೆ ಇಡುತ್ತೇನೆ. "ಇದೆಲ್ಲಾ ಸುಳ್ಳು!" ಎಂದು ಗೋಡೆ ಗುದ್ದಿ ಸಿಟ್ಟಿನಿಂದ ಶುರು ಮಾಡುತ್ತೇನೆ, ಹುಡುಗರು ಶಿಳ್ಳೆ ಹೊಡೆಯುತ್ತಾರೆ, ಗದ್ದ ಎದೆಗೆ ಹಚ್ಚುತ್ತೇನೆ, ಉಸಿರು ಬಿಡುತ್ತೇನೆ. ಅದು ಸುಳ್ಳೇ ಎಂದು ಈಗಲೂ ಯಾವ ವೇದಿಕೆಯಲ್ಲಿ ಬೇಕಾದರೂ ಸಾಧಿಸಬಲ್ಲೆ. ಆದರೆ ಅದಕ್ಕಿರುವ ಒಬ್ಬ ಸಾಕ್ಷಿ ಪ್ರತಿ ಸಲವೂ ಮಣ್ಣಿನ ಮೇಲೆ ಅಂಗಾತ ಬಿದ್ದು, ಹದಿಮೂರು ಹುಡುಗರ ಎದುರು, ಬಾಯಿ ತುಂಬ "ಸತ್ತೆನಪ್ಪೋ" ಎನ್ನುತ್ತಿರುತ್ತಾನೆ. ಕಳೆದ ಭಾನುವಾರ ಅಜ್ಜಿಯೂ ಬಂದಿದ್ದಳು. ಗಿಡ್ಡ ಬಾಗಿಲ ಆಚೆ ನಿಂತೇ ನೋಡಿದಳು. ಈ ಸಲ ನಾನು ಸರಿಯಾಗಿ ಸೊಂಟವನ್ನೇ ಹಿಡಿದುಕೊಂಡಿದ್ದೆ.